ಮೀಸಲು ಮೊದಲೋ, ಉಳಿದದ್ದು ಮೀಸಲೋ?

ಪ್ರಶ್ನೆ: ನಾವು ಮೂಲತಃ ಸೇಡಂ ತಾಲ್ಲೂಕಿನ ಆಡಕಿ ಕಡೆಯವರು. ಹದಿನೇಳು ವರ್ಷದಿಂದ ಬೆಂಗಳೂರಲ್ಲಿ ಇದ್ದೀವಿ, ಇಬ್ಬರೂ ನೌಕರಿ ಮಾಡ್ತೀವಿ. ಮನೆದೇವರು ಸನ್ನತಿ ಚಂದ್ರಲಾಂಬಾ ತಾಯಿ. ಊರಲ್ಲಿದ್ದಾಗ ನಮ್ಮ ಅತ್ತೆಯವರು ತೊಗರಿ ರಾಶಿ ಆದ ಕೂಡಲೇ ಒಂದು ಸೇರು ತೊಗರಿ, ಒಂದು ರೂಪಾಯಿ ಅರಿಷಿಣದ ಬಟ್ಟೆಯಲ್ಲಿ ಕಟ್ಟಿ ಜಗಲಿ ಮೇಲಿಡ್ತಿದ್ದರು. ವರ್ಷಕ್ಕೊಮ್ಮೆ ಅದನ್ನು ಸನ್ನತಿಗೆ ಮುಟ್ಟಿಸ್ತಿದ್ದರು. ಹೊಲ ಲಾವಣಿಗೆ ಕೊಟ್ಟು ಅತ್ತೆಯವರನ್ನು ಇಲ್ಲಿಗೆ ಕರಕೊಂಡು ಬಂದ ಮೇಲೆ ಅದು ನಿಂತೇ ಹೋಗಿದೆ. ಹನ್ನೊಂದು ವರ್ಷ ಆಯ್ತು.

ಈಗ ಹೊಸ ಫ್ಲ್ಯಾಟ್ ತಗೊಂಡಿದ್ದೀವಿ. ದೇವರ ಮನೆಗೆ ಬೆಳ್ಳಿ ತಗಡು ಹೊದಿಸಿದ ಮಂಟಪ ಮಾಡಿಸಬೇಕು ಅಂತ ಯಜಮಾನರಿಗೆ ಬಹಳ ಆಸೆ. "ದೇವರು ಮೊದಲು, ಉಳಿದದ್ದೆಲ್ಲ ಆಮೇಲೆ" ಅಂತಾರೆ. ನಾಲ್ಕೂವರೆ ಲಕ್ಷ ಆಗ್ತದೆ, ಮನೆ ಸಾಲದ ಮೇಲೆ ಇನ್ನಷ್ಟು ಸಾಲ ಕೇಳಿದ್ದಾರೆ. ಅತ್ತೆಯವರ ಎರಡೂ ಮೊಣಕಾಲು ಸವೆದು ಹೋಗಿವೆ, ಆಪರೇಷನ್ ಆಗಬೇಕು ಅಂತ ಡಾಕ್ಟರು ಹೇಳಿ ಒಂದು ವರ್ಷ ಆಯ್ತು. ಅದು ಮುಂದಿನ ವರ್ಷಕ್ಕೆ ಹೋಗಿದೆ. ಅತ್ತೆಯವರೂ "ದೇವರದು ಮೊದಲು ಆಗಲಿ, ನಂದೇನು" ಅಂತಾರೆ. ನನಗೆ ಒಳಗೊಳಗೇ ಕಸಿವಿಸಿ. ಆದರೆ ದೇವರ ಕೆಲಸಕ್ಕೆ ಬೇಡ ಅಂದು ಪಾಪ ಕಟ್ಟಿಕೊಳ್ಳೋದು ಯಾಕೆ ಅಂತ ಸುಮ್ಮನಿದ್ದೀನಿ.

ಇನ್ನೊಂದು ಮಾತು. ನಮ್ಮ ಮೇಲಿನ ಮಹಡಿಯಲ್ಲಿ ಶಹಾಬಾದ ಕಡೆಯ ಕ್ರೈಸ್ತ ಕುಟುಂಬ ಇದೆ. ಊರ ಕಡೆಯವರು ಅಂತ ಬಳಕೆ ಜಾಸ್ತಿ. ಅವರು ಸಂಬಳ ಬಂದ ದಿನವೇ ಹತ್ತರಲ್ಲಿ ಒಂದು ಪಾಲು ದೇವರಿಗೆ ಅಂತ ತೆಗೆದಿಡ್ತಾರೆ. ಕಂತು, ಕಿರಾಣಿ ಎಲ್ಲ ಆಮೇಲೆ. ನಮ್ಮ ಮಗ ಅದನ್ನು ನೋಡಿ, "ಅಮ್ಮಾ, ನಾವು ಮಾತ್ರ ತಿಂಗಳ ಕೊನೆಗೆ ಉಳಿದರೆ ಹಾಕ್ತೀವಲ್ಲ, ಯಾಕೆ?" ಅಂದ. ನನಗೆ ಉತ್ತರ ಹೊಳೀಲಿಲ್ಲ. ನಮ್ಮಲ್ಲಿ ಅಂಥ ನಿಯಮ ಇದೆಯೇ? ಅವರನ್ನು ನೋಡಿ ನಾವು ಕಲಿಯೋದು ಸರಿಯೇ? ಬೆಳಿಗ್ಗೆ ಆರೂವರೆಗೆ ಮಗನ ಡಬ್ಬಿ ಕಟ್ಟಬೇಕು, ನೈವೇದ್ಯ ಆಗೋ ಮೊದಲೇ ಡಬ್ಬಿಗೆ ಹಾಕಿದರೆ ದೋಷವೇ? ನಿಂತು ಹೋದ ಮುಡುಪು ಏನು ಮಾಡಬೇಕು?

— ಒಬ್ಬ ಓದುಗರು, ಬೆಂಗಳೂರು

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ಪ್ರಶ್ನೆ ನಾಲ್ಕಿದ್ದರೂ ಬೇರು ಒಂದೇ. ದೇವರು ಮೊದಲು ಎನ್ನುವ ಮಾತಿನ ಅರ್ಥ ಏನು, ಮೊದಲು ಅಂದರೆ ಯಾವುದಕ್ಕಿಂತ ಮೊದಲು, ಅಷ್ಟು ಗೊತ್ತಾದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಸುಲಭದ್ದನ್ನು ಮೊದಲು ಮುಗಿಸಿಬಿಡೋಣ. ಡಬ್ಬಿಯ ಪ್ರಶ್ನೆ. ಅಡುಗೆ ಪೂರ್ತಿ ಆಗಿ, ಎಲ್ಲ ಪದಾರ್ಥ ಬಡಿಸಿ, ಮಂಗಳಾರತಿ ಆದ ಮೇಲೇ ಮಗು ಊಟ ಮಾಡಬೇಕು ಎಂದು ಯಾವ ಶಾಸ್ತ್ರವೂ ಹಟ ಹಿಡಿಯುವುದಿಲ್ಲ. ಕುಕ್ಕರ್ ಇಳಿಸಿದ ಕೂಡಲೇ, ಡಬ್ಬಿಗೆ ಚಮಚ ಹಾಕುವ ಮೊದಲು, ಒಂದು ಸಣ್ಣ ಬಟ್ಟಲಿಗೆ ಮೊದಲ ತುತ್ತು ತೆಗೆದು ದೇವರ ಮುಂದಿಡಿ. ನಿಮ್ಮ ಸಂಪ್ರದಾಯದಂತೆ ತುಳಸಿಯೋ ಬಿಲ್ವವೋ ಹಾಕಿ, ಒಂದು ಉದ್ಧರಣೆ ನೀರು ಸುತ್ತು ಕಟ್ಟಿ ಕೈ ಮುಗಿಯಿರಿ. ಒಂದು ನಿಮಿಷದ ಕೆಲಸ. ಉಪ್ಪು ಸರಿಯಿದೆಯೇ ಎಂದು ಅದಕ್ಕೆ ಮೊದಲು ನಾಲಿಗೆಗೆ ಹಚ್ಚಬೇಡಿ, ಅಷ್ಟೇ. ಫ್ರಿಜ್ಜಿನಲ್ಲಿದ್ದ ನಿನ್ನೆಯ ಪಲ್ಯ ಬಿಸಿ ಮಾಡಿ ಇಡುವುದಕ್ಕಿಂತ ಒಂದು ಚೂರು ಬೆಲ್ಲ, ಒಂದು ಲೋಟ ಹಾಲು ಎಷ್ಟೋ ಮೇಲು. ಸಂಜೆ ಬಂದು ನಿಧಾನವಾಗಿ ಪೂಜೆ ಮಾಡಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಈ ಮೊದಲ ತುತ್ತಿಗೆ ನಮ್ಮ ಕನ್ನಡದಲ್ಲಿ ಒಂದು ಮಾತಿದೆ, ಮೀಸಲು. ಮೀಸಲು ಅಂದರೆ ಹೆಚ್ಚಿನದು ಅಲ್ಲ, ಬೆಲೆಬಾಳುವುದೂ ಅಲ್ಲ. ಯಾರೂ ಮುಟ್ಟುವ ಮೊದಲು ತೆಗೆದಿಟ್ಟದ್ದು ಅಂತ ಅಷ್ಟೇ ಅರ್ಥ. ನಿಮ್ಮ ಅತ್ತೆಯವರು ಕಟ್ಟಿಡುತ್ತಿದ್ದ ಒಂದು ಸೇರು ತೊಗರಿ ಮೀಸಲು. ಅದು ರಾಶಿಯಲ್ಲಿ ನೂರನೇ ಒಂದು ಪಾಲೂ ಇರಲಿಕ್ಕಿಲ್ಲ. ಆದರೆ ಮೊದಲ ಸೇರು. ಅಡತಿ ಅಂಗಡಿಯಲ್ಲಿ ರೇಟು ಎಷ್ಟು ಸಿಗುತ್ತದೆ, ಬಾಕಿ ಎಷ್ಟು ತೀರುತ್ತದೆ ಎಂದು ಗೊತ್ತಾಗುವ ಮೊದಲೇ ಕಟ್ಟಿಟ್ಟ ಸೇರು.

ನಿಮ್ಮ ಮಗ ಕೇಳಿದ್ದು ಇದನ್ನೇ. ನಮ್ಮಲ್ಲಿ ಹತ್ತರಲ್ಲೊಂದು ಎಂಬ ನಿಯಮ ಇದೆಯೇ? ಇದೆ, ಬಹುಪಾಲು ಅದೇ ಲೆಕ್ಕ. ಆದರೆ ನಗರದ ಮನೆಗಳಲ್ಲಿ ಅದನ್ನು ಹೇಳುವವರು ಕಡಿಮೆಯಾಗಿದ್ದಾರೆ. ಪರಾಶರ ಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಒಕ್ಕಲುತನ ಮಾಡುವ ಗೃಹಸ್ಥನಿಗೆ ಲೆಕ್ಕ ಕೊಟ್ಟಿದ್ದಾರೆ. ಬೆಳೆದದ್ದರಲ್ಲಿ ಆರನೆಯ ಒಂದು ಪಾಲು ರಾಜನಿಗೆ, ಇಪ್ಪತ್ತೊಂದನೆಯ ಒಂದು ಪಾಲು ದೇವರಿಗೆ, ಮೂವತ್ತನೆಯ ಒಂದು ಪಾಲು ವಿಪ್ರರಿಗೆ. ವಿಜಯನಗರದ ಕಾಲದಲ್ಲಿ ಮಾಧವಾಚಾರ್ಯರು ದೊಡ್ಡ ವ್ಯಾಖ್ಯಾನ ಬರೆದದ್ದು ಇದೇ ಸ್ಮೃತಿಗೆ. ರಾಜನ ಪಾಲನ್ನು ನಿಮ್ಮಿಂದ ಆದಾಯ ತೆರಿಗೆಯವರು ಕೇಳದೆಯೇ ಮುರಿದುಕೊಳ್ಳುತ್ತಾರೆ, ಅದರ ಚಿಂತೆ ಬೇಡ! ಉಳಿದ ಎರಡನ್ನು ಕೂಡಿಸಿ ನೋಡಿ. ಒಂದು ಲಕ್ಷಕ್ಕೆ ಸುಮಾರು 8,100 ರೂಪಾಯಿ ಆಗುತ್ತದೆ. ನಿಮ್ಮ ಮಹಡಿಯವರ ಹತ್ತು ಸಾವಿರಕ್ಕೆ ತುಸು ಕಡಿಮೆ.

ಇಷ್ಟಕ್ಕಿಂತ ಮುಖ್ಯವಾದದ್ದು ಕೊಡುವ ಜಾಗ. ಪರಾಶರರು ಇದನ್ನು ಖಳಯಜ್ಞ ಎನ್ನುತ್ತಾರೆ, ಕಣದಲ್ಲಿ ಮಾಡುವ ಯಜ್ಞ. ನೆಲ ಸೀಳಿ, ಗಿಡ ಕಡಿದು, ಹುಳುಹುಪ್ಪಟೆ ಕೊಂದು ಬೆಳೆ ತೆಗೆದವನಿಗೆ ಅದೇ ಪ್ರಾಯಶ್ಚಿತ್ತ. ರಾಶಿಯ ಬುಡಕ್ಕೆ ಬಂದು ನಿಂತವರಿಗೆ ಕೊಡದೆ ಕಾಳನ್ನು ಮನೆಗೆ ಸಾಗಿಸಿದವನನ್ನು ಕಳ್ಳ ಎಂದೇ ಕರೆದಿದ್ದಾರೆ. ನಮ್ಮ ಕಡೆ ಕಣದಲ್ಲಿ ರಾಶಿ ಪೂಜೆ ಮಾಡಿ, ದೇವರದು ತೆಗೆದು, ಆಯಗಾರರಿಗೆ ಅಳೆದು, ಆಮೇಲೆ ಚೀಲ ತುಂಬುತ್ತಿದ್ದದ್ದು ಇದೇ. ಮನೆ ಹೊಕ್ಕ ಮೇಲೆ ಕಾಳಿಗೆ ನೂರು ದಾರಿ. ಮಗಳ ಮದುವೆ, ಎತ್ತಿನ ಸಾಲ, ಅಳಿಯನ ಹಬ್ಬ. ಹಾಗಾಗಿ ಕಣದಲ್ಲೇ ಮುಗಿಸು ಎಂದರು. ಇವತ್ತಿನ ಕಣ ಯಾವುದು ಅಂದರೆ, ಸಂಬಳ ಜಮಾ ಆಯಿತು ಎಂದು ಮೊಬೈಲು ಸದ್ದು ಮಾಡುತ್ತದಲ್ಲ, ಆ ಕ್ಷಣ.

ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲುವುದು ನಿಮಗೆ ನೆನಪಿದ್ದೇ ಇರುತ್ತದೆ. ಸಜ್ಜೆ ಕಡಬು, ಭಜ್ಜಿ, ಶೇಂಗಾ ಹೋಳಿಗೆ ಬುಟ್ಟಿ ತುಂಬ ಹೊತ್ತುಕೊಂಡು ಹೋಗಿ, ಮನೆ ಮಂದಿ ಕೈ ತೊಳೆದು ಊಟಕ್ಕೆ ಕೂಡುವ ಮೊದಲು ಹೊಲದ ತುಂಬ ಚೆಲ್ಲುತ್ತಾರೆ. ಆ ಹೊತ್ತಿಗೆ ಜೋಳ ಇನ್ನೂ ನಿಂತೇ ಇರುತ್ತದೆ. ಮೋಡ ಮುಸುಕಬಹುದು, ಹುಳ ಬೀಳಬಹುದು, ಫಸಲು ಕೈಗೆ ಬರುತ್ತದೆಂದು ಯಾರೂ ಬರೆದುಕೊಟ್ಟಿಲ್ಲ. ಆದರೂ ಭೂತಾಯಿಗೆ ಮೊದಲು. ಎಲ್ಲ ಆದ ಮೇಲೆ, ಉಳಿದರೆ ಕೊಡುತ್ತೇನೆ ಅನ್ನುವುದಕ್ಕೆ ನಂಬಿಕೆ ಬೇಕಾಗುವುದಿಲ್ಲ, ಕೂಡಿಸಿ ಕಳೆಯಲು ಬಂದರೆ ಸಾಕು. ಮೊದಲೇ ಕೊಡುವುದಕ್ಕೆ ಬೇಕು. ಕಲಬುರಗಿಯ ಶರಣಬಸವೇಶ್ವರರು ಹೊಲಕ್ಕೆ ಬಿದ್ದ ಹಕ್ಕಿಗಳನ್ನು ಓಡಿಸದೆ, ತಿಂದ ಮೇಲೆ ನೀರಡಿಸುತ್ತದೆಂದು ಗಡಿಗೆಯಲ್ಲಿ ನೀರು ಬೇರೆ ಇಡುತ್ತಿದ್ದರು ಎಂದು ನಮ್ಮಲ್ಲಿ ಮನೆಮನೆಯಲ್ಲೂ ಹೇಳುತ್ತಾರೆ. 1822ರಲ್ಲಿ ಅವರು ಲಿಂಗೈಕ್ಯರಾದರು. ಅವರ ದಾಸೋಹದ ಒಲೆ ಇನ್ನೂ ಆರಿಲ್ಲ.

ಇನ್ನು ಕ್ರೈಸ್ತರನ್ನು ನೋಡಿ ಕಲಿಯಬಹುದೇ ಎಂಬುದು. ಯಾಕೆ ಕಲಿಯಬಾರದು? ನಿಮ್ಮ ಮನೆದೇವರ ಸನ್ನಿಧಿಯಲ್ಲೇ ಇದಕ್ಕೆ ಉತ್ತರ ಇದೆ. ಸನ್ನತಿಯ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಮಾಡು 1986ರಲ್ಲಿ ಕುಸಿದಾಗ, ದೇವಿಯ ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಅದರಲ್ಲಿ ಅವನ ಹನ್ನೆರಡನೆಯ ಶಾಸನದ ಭಾಗವೂ ಇದೆ. ತನ್ನ ಪಂಥವನ್ನೇ ಹೊಗಳಿ ಪರರದನ್ನು ಹಳಿಯಬಾರದು, ಬೇರೆಯವರ ಧರ್ಮದ ಮಾತನ್ನೂ ಕಿವಿಗೊಟ್ಟು ಕೇಳಬೇಕು ಎಂಬುದು ಆ ಶಾಸನದ ಸಾರ. ಎಷ್ಟೋ ಕಾಲ ನಮ್ಮ ತಾಯಿ ಆ ಮಾತಿನ ಮೇಲೇ ನಿಂತಿದ್ದಳು, ನಾವು ಓದಿರಲಿಲ್ಲ.

ಕಲಿಯುವುದಾದರೆ ಸರಿಯಾಗಿ ಕಲಿಯಬೇಕು. ಮಹಡಿಯವರ ದಶಮಾಂಶದ ಹಿಂದೆ ಏನಿದೆ ಎಂದು ಒಮ್ಮೆ ಕೇಳಿ ನೋಡಿ. ಬೆಟ್ಟದ ಮೇಲೆ ಮಾಡಿದ ಪ್ರಸಂಗದಲ್ಲಿ ಯೇಸು, ಒಬ್ಬನೇ ಆಳು ಇಬ್ಬರು ಒಡೆಯರಿಗೆ ದುಡಿಯಲಾರ, ದೇವರು ಮತ್ತು ಧನ ಎರಡನ್ನೂ ಒಡೆಯರೆಂದು ಇಟ್ಟುಕೊಳ್ಳಲಾಗದು ಎಂದು ಹೇಳಿದ್ದು ಮತ್ತಾಯನ ಸುವಾರ್ತೆಯಲ್ಲಿದೆ. ಊಟ ಉಡುಗೆಯ ಚಿಂತೆಗೆ ಮೊದಲು ದೇವರ ರಾಜ್ಯವನ್ನು ಹುಡುಕಿ ಎಂದದ್ದೂ ಅಲ್ಲೇ. ಹಳೆಯ ಒಡಂಬಡಿಕೆಯಲ್ಲಿ ಸುಗ್ಗಿಯ ಪ್ರಥಮ ಫಲವನ್ನು ಬುಟ್ಟಿಯಲ್ಲಿಟ್ಟು ದೇವರ ಮುಂದೆ ತರುವ ವಿಧಿ ಇದೆ. ನಮ್ಮ ಖಳಯಜ್ಞಕ್ಕೂ ಅದಕ್ಕೂ ದೂರ ಬಹಳ ಇಲ್ಲ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಶ್ರೀಮಂತರು ದೊಡ್ಡ ಮೊತ್ತ ಹಾಕುತ್ತಿದ್ದಾಗ, ಬಡ ವಿಧವೆಯೊಬ್ಬಳು ಎರಡು ಚಿಕ್ಕ ಕಾಸು ಹಾಕಿದಳಂತೆ. ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಇವಳೇ ಎಂದರಂತೆ ಯೇಸು. ಅವರು ಕೊಟ್ಟದ್ದು ಮಿಕ್ಕಿದ್ದರಲ್ಲಿ, ಈಕೆ ಕೊಟ್ಟದ್ದು ಇಲ್ಲದ್ದರಲ್ಲಿ. ನಮ್ಮ ಗೀತೆಯ ಎಲೆ, ಹೂ, ಹಣ್ಣು, ನೀರಿನ ಮಾತನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ಅದೇ ಯೇಸು ಇನ್ನೊಂದು ಮಾತನ್ನೂ ಆಡಿದ್ದಾರೆ. ನಿಮ್ಮ ಮನೆಗೆ ಅದೇ ಬೇಕಾದದ್ದು. ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯ. ಅವರ ಕಾಲದ ಯೆಹೂದ್ಯರಲ್ಲಿ 'ಕೊರ್ಬಾನ್' ಎಂಬ ಪದ್ಧತಿ ಇತ್ತು. ಕೊರ್ಬಾನ್ ಅಂದರೆ ದೇವರಿಗೆ ಮೀಸಲು. ಕೆಲವರು ಈ ದುಡ್ಡು ಕೊರ್ಬಾನ್ ಆಗಿಹೋಗಿದೆ ಎಂದು ಹೇಳಿ, ಮುದಿ ತಂದೆತಾಯಿಗೆ ಮಾಡಬೇಕಾದದ್ದರಿಂದ ಕೈ ತೊಳೆದುಕೊಳ್ಳುತ್ತಿದ್ದರು. ಯೇಸು ಅವರನ್ನು ಕಟುವಾಗಿ ಗದರಿಸಿದರು. ದೇವರ ಹೆಸರು ಹೇಳಿ ದೇವರ ಆಜ್ಞೆಯನ್ನೇ ರದ್ದು ಮಾಡುತ್ತೀರಿ ಎಂಬುದು ಅದರ ತಾತ್ಪರ್ಯ. ದೇವರನ್ನು ಎಲ್ಲಕ್ಕಿಂತ ಮೇಲಿಡಬೇಕು ಎಂದು ಹೇಳಿದವರೇ, ತಾಯಿಯ ಔಷಧದ ದುಡ್ಡಿನಲ್ಲಿ ದೇವರನ್ನು ಮೇಲಿಡಬೇಡ ಅಂದರು.

ನಮ್ಮವರು ಬೇರೆ ಹೇಳಿದ್ದಾರೆಯೇ? ಇಲ್ಲ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ, ಸ್ವಂತ ಜನ ಕಷ್ಟದಲ್ಲಿರುವಾಗ ಹೊರಗಿನವರಿಗೆ ದಾನ ಮಾಡುವುದು ಧರ್ಮವಲ್ಲ, ಧರ್ಮದ ಹಾಗೆ ಕಾಣುವ ಇನ್ನೊಂದು ವಸ್ತು ಎಂದಿದೆ. ನಾಲಿಗೆಗೆ ಜೇನು, ಹೊಟ್ಟೆಗೆ ವಿಷ ಎನ್ನುತ್ತದೆ ಆ ಶ್ಲೋಕ. ಯಾಜ್ಞವಲ್ಕ್ಯರು ಇದನ್ನೇ ಕಾನೂನಾಗಿ ಹೇಳಿದರು: ತನ್ನದನ್ನು ಕೊಡಬಹುದು, ಕುಟುಂಬಕ್ಕೆ ಬಾಧೆಯಾಗದಂತೆ ಕೊಡಬೇಕು. ಈ ಮಾತಿಗೆ ಮಿತಾಕ್ಷರ ಬರೆದ ವಿಜ್ಞಾನೇಶ್ವರರು ಯಾರು? ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವರು. ಅವರ ಊರು ನಿಮ್ಮ ಶಹಾಬಾದದ ಹತ್ತಿರದ ಮರತೂರು ಎಂದು ನಮ್ಮ ಕಡೆ ಹೆಮ್ಮೆಯಿಂದ ಹೇಳುತ್ತಾರೆ, ಅವರ ಹೆಸರಿನ ಭವನವೂ ಅಲ್ಲಿದೆ. ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿ ಯಾರದು ಎಂಬುದನ್ನು ಶತಮಾನಗಳ ಕಾಲ ತೀರ್ಮಾನಿಸಿದ ಗ್ರಂಥ ಅದು. ಎರವಲು ತಂದದ್ದು, ಒತ್ತೆಗೆ ಬಂದದ್ದು, ಹಲವರಿಗೆ ಸೇರಿದ್ದು, ಇವನ್ನು ಕೊಡಲು ಬಾರದು ಎಂಬ ಪಟ್ಟಿಯನ್ನೂ ಅಲ್ಲಿ ಕಾಣಬಹುದು. ಬ್ಯಾಂಕಿನ ಸಾಲ ಅಕ್ಷರಶಃ ಎರವಲು ಅಲ್ಲದಿರಬಹುದು. ಆದರೆ ಅದರ ಕಂತು ಹೋಗುವುದು ಮುಂದಿನ ವರ್ಷಗಳ ನಿಮ್ಮಿಬ್ಬರ ದುಡಿಮೆಯಿಂದ. ಹಲವರಿಗೆ ಸೇರಿದ್ದರಲ್ಲಿ ನೀವೂ ಒಬ್ಬರು. ಹಾಗಾಗಿ ಮಾತಾಡಿದರೆ ಪಾಪ ಎಂಬ ಹೆದರಿಕೆ ಬಿಡಿ. ಮಾತಾಡದೆ ಇರುವುದಕ್ಕೆ ಶಾಸ್ತ್ರದ ಬೆಂಬಲ ಸಿಗುವುದಿಲ್ಲ.

ಹಾಗಾದರೆ ಕುಟುಂಬ ಮೊದಲು, ದೇವರು ಆಮೇಲೆ ಅಂತಲೇ ಎಂದು ನಿಮ್ಮ ಯಜಮಾನರು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಕುಟುಂಬ ಕುಟುಂಬ ಎಂದು ಹೇಳಿಕೊಂಡೇ ದೇವರಿಗೆ ಬಿಡಿಗಾಸು ಕೊಡದೆ ಬದುಕು ಮುಗಿಸಿದವರೂ ಇದ್ದಾರಲ್ಲ. ಇದಕ್ಕೆ ಭಾಗವತದ ಎಂಟನೆಯ ಸ್ಕಂಧದಲ್ಲಿ ಒಳ್ಳೆಯ ದಾರಿ ಇದೆ. ಗಳಿಸಿದ್ದನ್ನು ಐದು ಪಾಲು ಮಾಡು ಎನ್ನುತ್ತದೆ ಅದು. ಧರ್ಮಕ್ಕೆ, ಕೀರ್ತಿಗೆ, ಬಂಡವಾಳಕ್ಕೆ, ಭೋಗಕ್ಕೆ, ಸ್ವಜನರಿಗೆ. ಹೇಳುವವರು ಶುಕ್ರಾಚಾರ್ಯರು, ಕೇಳುವವನು ಬಲಿ ಚಕ್ರವರ್ತಿ. (ಬಲಿ ಅದನ್ನು ಕೇಳದೆ ವಾಮನನಿಗೆ ಎಲ್ಲವನ್ನೂ ಕೊಟ್ಟ. ಅವನು ಕೊಟ್ಟದ್ದು ತನ್ನ ರಾಜ್ಯ, ತನ್ನ ತಲೆ. ಬೇರೆ ಯಾರ ಮೊಣಕಾಲೂ ಅಲ್ಲ ಎಂಬುದನ್ನು ಮರೆಯಬಾರದು.) ಆ ಐದರ ಪಟ್ಟಿ ಗಮನಿಸಿ ನೋಡಿ. ಧರ್ಮ ಮೊದಲು ಬಂತು. ಆದರೆ ಸ್ವಜನರ ಪಾಲನ್ನು ಭೋಗದ ಪಾಲಿನೊಳಗೆ ಸೇರಿಸಲಿಲ್ಲ, ಬೇರೆಯಾಗಿಯೇ ಇಟ್ಟರು. ನಮ್ಮ ಗೊಂದಲವೆಲ್ಲ ಇಲ್ಲೇ ಇರುವುದು. ತಾಯಿಯ ಚಿಕಿತ್ಸೆ, ಮಗುವಿನ ಊಟ, ಆಳುಮಗನ ಸಂಬಳ, ಇವು 'ಸಂಸಾರದ ಸುಖ' ಅಲ್ಲ. ದೇವರು ಮೊದಲು ಅಂದಾಗ ಯಾವುದಕ್ಕಿಂತ ಮೊದಲು? ನನ್ನ ಭೋಗಕ್ಕಿಂತ, ನನ್ನ ಕೀರ್ತಿಗಿಂತ, ನನ್ನ ಕೂಡಿಡುವ ಆಸೆಗಿಂತ ಮೊದಲು. ಬೇರೆಯವರ ಅಗತ್ಯಕ್ಕಿಂತ ಮೊದಲು ಎಂದು ಯಾರೂ ಹೇಳಲಿಲ್ಲ.

ನಿಮ್ಮ ಪತ್ರದಲ್ಲಿ ಒಂದು ವಿಷಯ ನನಗೆ ಎದ್ದು ಕಂಡಿತು. ಮಂಟಪಕ್ಕಾಗಿ ಮುಂದಕ್ಕೆ ಹೋದದ್ದು ಏನೇನು ಎಂದು ಹುಡುಕಿದೆ. ಆಪರೇಷನ್ ಒಂದೇ ಸಿಕ್ಕಿತು. ಫ್ಲ್ಯಾಟು ಚಿಕ್ಕದಾಗಲಿಲ್ಲ. ಅಡುಗೆಮನೆಯ ಕಪಾಟು, ಗಾಡಿ, ಟಿವಿ ಬಗ್ಗೆ ನೀವು ಬರೆದಿಲ್ಲ, ಇದ್ದರೆ ಅವೂ ಮುಂದಕ್ಕೆ ಹೋಗಿಲ್ಲ. ದೇವರಿಗೆಂದು ಕಡಿತವಾದದ್ದು ಮನೆಯಲ್ಲಿ ಎಲ್ಲಕ್ಕಿಂತ ಮೆತ್ತಗಿನ ದನಿಯವರ ಪಾಲು. ಹೀಗೆ ಆಗುವುದು ಸಹಜ, ಯಾಕೆಂದರೆ ಅವರು ಬೇಡ ಅನ್ನುವುದಿಲ್ಲ. "ನಂದೇನು" ಎಂದು ಅತ್ತೆಯವರು ಅಂದದ್ದು ಅವರ ದೊಡ್ಡತನ, ಅವರ ತಪಸ್ಸು. ತನ್ನ ನೋವನ್ನು ಬಿಟ್ಟುಕೊಡುವ ಹಕ್ಕು ಅವರಿಗಿದೆ. ಆದರೆ ಅವರ ತ್ಯಾಗವನ್ನು ಮಗ ತನ್ನ ಭಕ್ತಿಯ ಖಾತೆಗೆ ಜಮಾ ಮಾಡಿಕೊಳ್ಳಲು ಬರುವುದಿಲ್ಲ.

ಇದಕ್ಕೆ ನಿಮ್ಮ ತಾಲ್ಲೂಕಿನದೇ ಒಂದು ದೊಡ್ಡ ಉದಾಹರಣೆ ಇದೆ. ಮಳಖೇಡದಲ್ಲಿ ಕಾಗಿಣಾ ದಂಡೆಯ ಆ ಹಾಳು ಕೋಟೆಯನ್ನು ನೀವು ಬಸ್ಸಿನಿಂದ ನೋಡಿಯೇ ಇರುತ್ತೀರಿ. ಒಂದು ಕಾಲಕ್ಕೆ ಅದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನಿಗೆ ಬೆಳ್ಳಿ ಬಂಗಾರಕ್ಕೆ ಏನು ಕೊರತೆ? ನಾಡಿಗೆ ಕೇಡು ಬಂದಾಗ ಅವನು ಬೇಕಾದರೆ ಮಹಾಲಕ್ಷ್ಮಿಗೆ ಚಿನ್ನದ ಗುಡಿಯನ್ನೇ ಕಟ್ಟಿಸಬಹುದಿತ್ತು. ಕಟ್ಟಿಸಿದ್ದರೆ ಆ ಚಿನ್ನ ಪ್ರಜೆಗಳ ಕಂದಾಯದಿಂದ ಬಂದಿರುತ್ತಿತ್ತು. ಆದರೆ ಅವನು ತನ್ನ ಎಡಗೈಯ ಬೆರಳನ್ನೇ ಕತ್ತರಿಸಿ ದೇವಿಗೆ ಅರ್ಪಿಸಿದ ಎಂದು 871ರ ಸಂಜಾನ ತಾಮ್ರಶಾಸನ ಹೊಗಳುತ್ತದೆ. ಬೆರಳು ಕೊಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಅದು ಅವನ ಕಾಲದ ರೀತಿ. ಆದರೆ ಯಾರಿಂದ ತೆಗೆದು ಕೊಟ್ಟ ಎಂಬುದು ಇವತ್ತಿಗೂ ಕೇಳಬೇಕಾದ ಪ್ರಶ್ನೆ. ಅದೇ ಮಳಖೇಡದಲ್ಲಿ ಟೀಕಾಚಾರ್ಯ ಜಯತೀರ್ಥರ ಆರಾಧನೆ ಆಷಾಢ ಬಹುಳ ಪಂಚಮಿಗೆ ನಡೆಯುತ್ತದೆ. ಕುದುರೆ ಏರಿ ಮೆರೆಯುತ್ತಿದ್ದ ಸಿರಿವಂತ ಮನೆತನದ ಯುವಕ ಎಲ್ಲ ಬಿಟ್ಟು ಸಂನ್ಯಾಸಿಯಾದರು. ಅವರೂ ಬಿಟ್ಟದ್ದು ತಮ್ಮ ಸುಖವನ್ನು.

ಈಗ ಮಂಟಪದ ಮಾತು. ಯಜಮಾನರ ಆಸೆಯಲ್ಲಿ ಕೆಟ್ಟದ್ದೇನಿಲ್ಲ. ಇಷ್ಟು ದೊಡ್ಡ ಮನೆ ಕಟ್ಟಿಕೊಂಡು ದೇವರನ್ನು ಅಡುಗೆಮನೆಯ ಗೂಡಿನಲ್ಲಿ ಕೂರಿಸುವುದೇ ಎಂದು ಅವರಿಗೆ ಅಳುಕಾಗಿರಬೇಕು. ಆ ಅಳುಕು ಒಳ್ಳೆಯದು. ಆದರೆ ಮಂಟಪ ದೇವರಿಗೆ ಕೊಟ್ಟದ್ದು ಆಗುತ್ತದೆಯೇ, ಸ್ವಲ್ಪ ಯೋಚಿಸಬೇಕು. ದಾನ ಅಂದರೆ ನನ್ನದು ಎಂಬ ಹಕ್ಕು ಅಲ್ಲಿಗೆ ಮುಗಿಯಬೇಕು. ಯಜ್ಞದಲ್ಲಿ ಆಹುತಿ ಹಾಕುವಾಗ 'ಇದು ನನ್ನದಲ್ಲ' ಎಂದು ಬಾಯಿಬಿಟ್ಟು ಹೇಳಿಸುತ್ತಾರಲ್ಲ, ಅದಕ್ಕೇ. ಫ್ಲ್ಯಾಟಿನ ಬೆಳ್ಳಿ ಮಂಟಪ ನಾಳೆಯೂ ನಿಮ್ಮದೇ. ಬಂದವರಿಗೆ ತೋರಿಸುತ್ತೀರಿ, ಮನೆ ಮಾರಿದರೆ ಬಿಚ್ಚಿಕೊಂಡು ಹೋಗುತ್ತೀರಿ, ಕಷ್ಟ ಬಂದರೆ ಬೆಳ್ಳಿಯ ರೇಟು ಕೇಳುತ್ತೀರಿ. ಅದು ಮನೆಯ ಅಲಂಕಾರ, ಭಕ್ತಿಯಿಂದ ಮಾಡಿದ ಅಲಂಕಾರ. ಭಾಗವತದ ಲೆಕ್ಕದಲ್ಲಿ ಅದನ್ನು ಭೋಗದ ಪಾಲಿನಿಂದಲೋ ಕೀರ್ತಿಯ ಪಾಲಿನಿಂದಲೋ ಮಾಡಿಸಿದರೆ ಯಾರ ಆಕ್ಷೇಪವೂ ಇಲ್ಲ. ಸ್ವಜನರ ಪಾಲಿನಿಂದ ಮಾಡಿಸಬಾರದು.

ದೇವರಿಗಾಗಿ ಎಂದೇ ಆಸೆ ಬೆಳೆಯುವುದೂ ಉಂಟು. ಅದನ್ನು ಗುರುತಿಸುವುದು ಎಲ್ಲಕ್ಕಿಂತ ಕಷ್ಟ. ಆಯ್ದಕ್ಕಿ ಮಾರಯ್ಯನವರ ಕಥೆ ನಿಮಗೆ ಗೊತ್ತು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ತಂದದ್ದು ತಮ್ಮ ಹೊಟ್ಟೆಗೆ ಅಲ್ಲ, ಜಂಗಮ ದಾಸೋಹಕ್ಕೇ. ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ. ಇಷ್ಟು ಆಸೆ ನಿಮಗೇಕೆ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಕಳಿಸಿದಳು. ಮಾರಯ್ಯ ಹೋಗಿ ಸುರಿದು ಬಂದರು. ಗಂಡನ ಭಕ್ತಿಗೆ ಅಡ್ಡ ಬಂದಳು ಎಂದು ಲಕ್ಕಮ್ಮನನ್ನು ಇಲ್ಲಿಯವರೆಗೆ ಯಾರೂ ದೂರಿಲ್ಲ. ಶರಣೆ ಎಂದು ಕೈ ಮುಗಿಯುತ್ತೇವೆ. ನೀವು ಸುಮ್ಮನಿರುವುದು ಯಾಕೆ ತಾಯಿ? ಜಗಳ ಮಾಡಬೇಡಿ. ಒಳ್ಳೆಯ ಹೊತ್ತು ನೋಡಿ, ಈ ಪುಟವನ್ನೇ ಬೇಕಾದರೆ ಅವರ ಮುಂದಿಟ್ಟು, "ಮಂಟಪ ಮಾಡಿಸೋಣ, ಸಾಲ ಬೇಡ, ಅತ್ತೆಯವರ ಕಾಲು ಆದ ಮೇಲೆ ಮಾಡಿಸೋಣ" ಎನ್ನಿ. ಅತ್ತೆಯವರು ಎದ್ದು ನಿಂತು ದೀಪ ಹಚ್ಚುವ ದೇವರ ಮನೆ ಬೇಕೋ, ಅವರು ಬಾಗಿಲ ಹೊರಗೆ ಕುರ್ಚಿಯಲ್ಲಿ ಕೂತು ನೋಡುವ ದೇವರ ಮನೆ ಬೇಕೋ ಎಂದು ಕೇಳಿದರೆ, ಮಗನಾದವನು ಉತ್ತರಕ್ಕೆ ಪುಸ್ತಕ ತೆರೆಯಬೇಕಾಗಿಲ್ಲ. ಅಲ್ಲಿಯವರೆಗೆ ತೇಗದ ಕಟ್ಟಿಗೆಯ ಸಾದಾ ಮಂಟಪ ಸಾಕು. ನಿಮ್ಮ ಕಡೆಯ ಶಹಾಬಾದ ಕಲ್ಲಿನದೇ ಒಂದು ಜಗಲಿ ಮಾಡಿಸಿ, ಇನ್ನೂ ಚೆಂದ. ಊರಲ್ಲಿ ತಾಯಿ ಕೂತದ್ದು ಅಂಥ ಫರ್ಸಿಯ ಮೇಲೇ ಅಲ್ಲವೇನ್ರಿ?

ಯಜಮಾನರು ಒಪ್ಪಿದರೂ ಒಪ್ಪದಿದ್ದರೂ ನೀವು ಇದೇ ತಿಂಗಳಿಂದ ಮಾಡಬಹುದಾದದ್ದು ಮೀಸಲು. ಒಮ್ಮೆಗೇ ಎಂಟೂ ಹತ್ತೂ ಪಾಲಿಗೆ ಹೋಗಬೇಡಿ. ಸಾಲದ ಮನೆಯಲ್ಲಿ ಮೂರನೇ ತಿಂಗಳಿಗೇ ಅದು ನಿಂತುಹೋಗುತ್ತದೆ. ನೂರಕ್ಕೆ ಎರಡು ರೂಪಾಯಿಯಿಂದ ಶುರು ಮಾಡಿ. ಸಂಬಳ ಬಂದ ದಿನ, ಕಂತಿಗೆ ಮೊದಲು, ಮಗನ ಕೈಯಿಂದಲೇ ತೆಗೆಸಿ ಬೇರೆ ಡಬ್ಬಿಗೆ ಹಾಕಿಸಿ, ಇಲ್ಲವೇ ಬೇರೆ ಖಾತೆಗೆ ಕಳಿಸಿ. ಕೈ ನೋಯಬೇಕಾದದ್ದು ನಿಮ್ಮದು ಮತ್ತು ಯಜಮಾನರದು, ಅತ್ತೆಯವರದಲ್ಲ, ಕೆಲಸದವಳದಲ್ಲ. ವಾರಕ್ಕೊಮ್ಮೆ ಹೊರಗೆ ಊಟಕ್ಕೆ ಹೋಗುತ್ತೀರಾ? ಅದರಲ್ಲಿ ಒಂದು ವಾರ ಬಿಟ್ಟರೂ ಲೆಕ್ಕ ಹೊಂದುತ್ತದೆ. ಆ ದುಡ್ಡು ಎಲ್ಲಿಗೆ ಹೋಗಬೇಕು ಎಂದು ವರ್ಷಕ್ಕೆರಡು ಸಲ ಮನೆಯವರೆಲ್ಲ ಕೂತು ಮಾತಾಡಿ. ಅರ್ಧ ಮನೆದೇವರಿಗೆ, ಅರ್ಧ ಹಸಿದವರಿಗೆ ಎಂದು ಇಟ್ಟುಕೊಂಡರೆ ಪರಾಶರರ ಲೆಕ್ಕಕ್ಕೂ ಹತ್ತಿರ.

ಕೊನೆಗೆ ಮುಡುಪು. ಹನ್ನೊಂದು ವರ್ಷ ನಿಂತಿತು ಎಂದು ಹೆದರುವ ಕಾರಣ ಇಲ್ಲ, ತಾಯಿ ಬಡ್ಡಿ ಹಾಕುವವಳಲ್ಲ. ಜಗಲಿಯ ಮೇಲೆ ಹಳೆಯ ಗಂಟು ಏನಾದರೂ ಉಳಿದಿದ್ದರೆ ಬಿಚ್ಚಬೇ​ಡಿ, ಅದರೊಳಗಿನ ರೂಪಾಯಿ ಮನೆ ಖರ್ಚಿಗೆ ಬರುವಂಥದ್ದಲ್ಲ, ಹಾಗೆಯೇ ಮುಟ್ಟಿಸಬೇಕು. ಬಾಕಿ ವರ್ಷಗಳಿಗೆ ವರ್ಷಕ್ಕೊಂದರಂತೆ ಹನ್ನೊಂದು ರೂಪಾಯಿ ಹೊಸ ಅರಿಷಿಣದ ಬಟ್ಟೆಯಲ್ಲಿ ಕಟ್ಟಿಸಿ, ಅತ್ತೆಯವರ ಕೈಯಿಂದಲೇ. ಮೊಬೈಲಿನಿಂದ ದುಡ್ಡು ಕಳಿಸುವುದು ತಪ್ಪಲ್ಲ. ಆದರೆ ಮುಡುಪು ಮುಟ್ಟಿಸುವ ವಸ್ತು, ಕಳಿಸುವ ಮೊತ್ತ ಅಲ್ಲ. ಆಪರೇಷನ್ ಆಗಿ, ಡಾಕ್ಟರು ಪ್ರಯಾಣಕ್ಕೆ ಒಪ್ಪಿದ ಮೇಲೆ ಅವರನ್ನೇ ಕರೆದುಕೊಂಡು ಹೋಗಿ. ರೈಲಿನಲ್ಲಿ ವಾಡಿಗೋ ನಾಲವಾರಕ್ಕೋ ಇಳಿದರೆ ಅಲ್ಲಿಂದ ಸನ್ನತಿಗೆ ಗಾಡಿ ಸಿಗುತ್ತದೆ. ಭೀಮೆಯ ದಂಡೆ ಬಿಸಿಲಿಗೆ ಕಾಯುತ್ತದೆ, ಬೇಸಿಗೆ ಬೇಡ, ತೊಗರಿ ರಾಶಿಯ ಹೊತ್ತಿಗೆ ಹೊರಡಿ. ಹೊಲ ಮಾಡುವವರಿಗೆ ಈಗಲೇ ಹೇಳಿಟ್ಟರೆ ನಿಮ್ಮ ಹೊಲದ್ದೇ ಹನ್ನೆರಡು ಸೇರು ತೊಗರಿ ತೆಗೆದಿಡುತ್ತಾರೆ, ಹನ್ನೊಂದು ಬಾಕಿಯದು, ಒಂದು ಈ ವರ್ಷದ್ದು. ಬೇಳೆ ಮಾಡಿಸಿಯೇ ಒಯ್ಯಿರಿ, ದಾಸೋಹದ ಒಲೆಗೆ ಅದೇ ಅನುಕೂಲ. ಹುಳ ಹಿಡಿದದ್ದು, ಹಳೆಯದು ಬೇಡ, ಹೊಸ ರಾಶಿಯದೇ ಇರಲಿ.